ಗುತ್ಯಮ್ಮನವರ ಬಲಗೈ

ಅಧ್ಯಕ್ಷತೆ ವಹಿಸಿರುವ ಮುಕುಂದಯ್ಯನವರೇ, ಭುಜ ಮತ್ತು ಮೊಣಕೈ ನೋವಿನ ಈ ಶಿಬಿರವನ್ನು ಹೊಸನಗರಕ್ಕೆ ತಂದ ಡಾಕ್ಟರ್ ವಿನಯಾ ಅವರೇ, ಸಾಗರ, ತೀರ್ಥಹಳ್ಳಿಗಳಿಂದ ಬೆಳಗಿನ ಬಸ್ಸಿಗೇ ಬಂದ ಸಂಘದ ಹೆಂಗಸರೇ, ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಬಾಗಿಲು ನೋಡುತ್ತಿರುವ ಸಭಿಕರೇ,

ನಾನು ಮಾಸ್ತಿಕಟ್ಟೆ ಕಡೆಯ ಹೂವಪ್ಪನವರ ಹೆಂಡತಿ ಯಮುನಮ್ಮ. ನಮ್ಮ ಮಾವ ಗೇಣಿ ಅಳೆಯುತ್ತಿದ್ದ ಗದ್ದೆ ಇವತ್ತು ನನ್ನ ಹೆಸರಿನಲ್ಲಿದೆ. ಆ ಮನೆಗೆ ಬಂದ ಸೊಸೆಯರಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುವುದು ನಮ್ಮವರ ಪದ್ಧತಿ. ನಾನು ಬರೆದ ಹಸೆಯ ಮುಂದೆ ಕೂತು ಮದುವೆಯಾದವರು ಈ ಸಭೆಯಲ್ಲೇ ಇದ್ದೀರಿ. ಸಂಸಾರ ಸರಿಯಾಗಿಲ್ಲದಿದ್ದರೆ ಅದು ಹಸೆಯ ತಪ್ಪಲ್ಲ. ಅದಕ್ಕೇ ನೀವು ಹೊದಿಸಿದ ಈ ಶಾಲನ್ನು ಸಂಕೋಚವಿಲ್ಲದೆ ಹೊದ್ದುಕೊಂಡಿದ್ದೇನೆ.

ಭುಜ ಗುಣವಾದ ಬಗೆಯನ್ನು ಹೇಳಿ ಎಂದರು. ಹೇಳುತ್ತೇನೆ. ಗಂಡಸರ ಭುಜಕ್ಕೆ ನೋವು ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಹೆಂಗಸರದ್ದು ಯಾರಿಗೆ ಗೊತ್ತು? ರವಿಕೆಯ ಗುಂಡಿಗೆ ಗೊತ್ತು, ಬಟ್ಟೆ ಹರವುವ ಹಗ್ಗಕ್ಕೆ ಗೊತ್ತು.

ನಮ್ಮ ಅತ್ತೆ ಗುತ್ಯಮ್ಮನವರು. ಅವರು ಬರೆದಂಥ ಹಸೆಯನ್ನು ಅವರ ನಂತರ ನಾನೂ ಬರೆದಿಲ್ಲ. ಅವರ ಬಲಗೈ ಕೊನೆಯ ವರ್ಷಗಳಲ್ಲಿ ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಬಾಚಣಿಗೆ ತಲೆಗೆ ಮುಟ್ಟುತ್ತಿರಲಿಲ್ಲ. ತಲೆ ನಾನು ಬಾಚುತ್ತಿದ್ದೆ. ಗೋಡೆಯ ಮೇಲುಭಾಗವನ್ನು ಮಾತ್ರ ನನಗೆ ಬಿಡಲಿಲ್ಲ. ಮಣೆ ಹತ್ತಿ ನಿಂತು ಬರೆದರು.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಬೇರೆ ಮನೆಗಳಲ್ಲಿ ನಾನು ಕೇಳಿಲ್ಲ. ಹಸೆ ಬರೆಯುವ ಹಿರಿಯಳು ತೀರಿಕೊಂಡರೆ, ಸ್ನಾನ ಮಾಡಿಸುವ ಮೊದಲು ಅವಳನ್ನು ಗೋಡೆಗೆ ಒರಗಿಸಿ ಕೂರಿಸಬೇಕು. ಅವಳ ಬೆರಳುಗಳ ನಡುವೆ ಪುಂಡಿನಾರಿನ ಕುಂಚ ಇಟ್ಟು, ಸೊಸೆ ಮಣಿಕಟ್ಟು ಹಿಡಿದು, ಆ ಕೈಯಿಂದಲೇ ಗೋಡೆಯ ಮೇಲೆ ಕೊನೆಯ ಎಳೆ ಎಳೆಸಬೇಕು. ಆಮೇಲೆ ಕುಂಚ ಸೊಸೆಯದು. ಕೊನೆಯ ಎಳೆ ಎಳೆದ ಕೈ ಮತ್ತೆ ಗೋಡೆ ಮುಟ್ಟುವಂತಿಲ್ಲ.

ಗುತ್ಯಮ್ಮನವರು ತೀರಿಕೊಂಡ ದಿನ ನಾನು ಹಿಡಿದೆ. ನನ್ನ ಕೈ ನಡುಗುತ್ತಿತ್ತು, ಬಳೆ ಸದ್ದಾಗುತ್ತಿತ್ತು. ಎದೆಯ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲೇ ಎಳೆದರಾಯಿತು ಎಂದುಕೊಂಡಿದ್ದೆ. ಗುತ್ಯಮ್ಮನವರ ಕೈ ನಿಲ್ಲಲಿಲ್ಲ. ಎದೆ ದಾಟಿತು, ಕಿವಿ ದಾಟಿತು, ತಲೆಯ ಮೇಲಕ್ಕೆ ಸಲೀಸಾಗಿ ಹೋಯಿತು. ನಾನು ಎತ್ತಿದೆನೋ, ಅದು ನನ್ನನ್ನು ಎತ್ತಿತೋ? ಎಳೆ ಮಾತ್ರ ನೆಟ್ಟಗೆ ಬಂತು. ನನಗೆ ಆಗ ಅಷ್ಟು ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ ನನ್ನ ಬಲಭುಜ ಹಿಡಿಯಿತು. ಮೊದಲು ನೋವು, ಆಮೇಲೆ ಬಿಗಿತ. ಮಗ್ಗುಲಾದರೆ ಜೀವ ಹೋಗುತ್ತಿತ್ತು. ಮನೆಯವರು ಔಷಧಿಯ ಮಾತೆತ್ತಲಿಲ್ಲ. ಅತ್ತೆ ಹಿಡ್ಕಂಡಿದಾರೆ, ಬಿಡುವಾಗ ಬಿಡ್ತಾರೆ ಎಂದರು. ನಾನೂ ಹಾಗೇ ನಂಬಿದ್ದೆ. ಗುತ್ಯಮ್ಮನವರು ಹಿಡಿಯಲು ಬೇರೆ ಯಾರ ಕೈ ಯೋಗ್ಯವಾಗಿತ್ತು?

ಹೋದ ವರ್ಷ ನನ್ನ ಸೊಸೆ ಸುಷ್ಮಾ ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಮೊಣಕೈ ಒತ್ತಿಕೊಂಡು, "ಅತ್ತೆ, ನಂಗೂ ಶುರುವಾತಾ ಅದು?" ಎಂದಳು. ನನ್ನ ಮೇಲೆ ಬಂದದ್ದನ್ನು ನಾನು ಹೊತ್ತೇನು. ಅವಳು ಯಾಕೆ ಹೊರಬೇಕು? ಮಗ ಶಿವರಾಮನಿಗೆ ಕಾರು ತೆಗೆ ಎಂದೆ.

ವಿನಯಾ ಅವರು ಇಬ್ಬರನ್ನೂ ನೋಡಿದರು. ಸುಷ್ಮಾಳದ್ದು ಮೊಣಕೈಯ ಹೊರಬದಿಯ ಸ್ನಾಯುವಿನ ಎಳೆತ. ಒದ್ದೆ ಕಂಬಳಿ ಹಿಂಡುವುದು, ತುರಿಯುವುದು, ಒಂದೇ ಸಮನೆ ಕೈ ತಿರುವುವುದು, ಇವುಗಳಿಂದ ಬಂದದ್ದು. ಆ ಕೆಲಸ ಬಿಡಿಸಿ, ಪಟ್ಟಿ ಕಟ್ಟಿ, ವ್ಯಾಯಾಮ ಹೇಳಿದರು. ನಿಧಾನವಾಗಿ ಗುಣವಾಯಿತು. ಕಂಬಳಿಯನ್ನು ಈಗ ಶಿವರಾಮ ಹಿಂಡುತ್ತಾನೆ. ನನ್ನದು ಕೀಲಿನ ಸುತ್ತಲಿನ ಚೀಲ ಬಿಗಿದದ್ದು. "ಸಕ್ಕರೆ ಕಾಯಿಲೆ ಇರೋರಿಗೆ ಇದು ಜಾಸ್ತಿ ಅಮ್ಮ. ನಿಮ್ಮತ್ತೆಗೂ ಇತ್ತೇನೋ" ಎಂದರು. ಇದ್ದಿರಬಹುದು. ಅವರ ಕಾಲಿನ ಗಾಯ ಕೊನೆಯವರೆಗೂ ಮಾಯಲಿಲ್ಲ.

ಶಾಖ ಕೊಟ್ಟರು, ಕೀಲಿಗೆ ಇಂಜೆಕ್ಷನ್ ಕೊಟ್ಟರು, ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಿಸಿದರು. ಬಹಳ ಜನಕ್ಕೆ ಅಷ್ಟೇ ಸಾಕಂತೆ. ನನಗೆ ಸಾಲಲಿಲ್ಲ. ಕೊನೆಗೆ ಕುತ್ತಿಗೆಯ ಬುಡಕ್ಕೆ ಮದ್ದು ಕೊಟ್ಟು, ಕೈ ಪೂರ್ತಿ ಮರಗಟ್ಟಿಸಿ, ಕೀಲು ಬಿಡಿಸುವುದು ಎಂದಾಯಿತು. ನನಗೆ ಎಚ್ಚರವಿತ್ತು.

ಸಭಿಕರೇ, ನನ್ನ ಬಲಗೈ ಪಕ್ಕದಲ್ಲಿ ಬಿದ್ದಿರುವುದನ್ನು ಕಣ್ಣಾರೆ ನೋಡುತ್ತಿದ್ದೆ. ಇನ್ನೂ ಯಾರೂ ಮುಟ್ಟಿರಲಿಲ್ಲ. ಆದರೆ ನನಗೆ ಅದು ತಲೆಯ ಮೇಲೆ ಎತ್ತಿ ಹಿಡಿದಂತೆ ಅನ್ನಿಸುತ್ತಿತ್ತು. ಬೆರಳ ನಡುವೆ ಕುಂಚವಿತ್ತು. ಮಣಿಕಟ್ಟನ್ನು ಯಾರೋ ಹಿಡಿದಿದ್ದರು. ಸತ್ತವರ ತಣ್ಣನೆಯ ಕೈಯಲ್ಲ. ಬೆಚ್ಚಗಿನ, ಬೆವರಿದ ಕೈ. ಬಳೆ ಸದ್ದಾಗುತ್ತಿತ್ತು. ಆ ಕೈ ನಡುಗುತ್ತಿತ್ತು.

ಅದು ಯಾರ ಕೈ ಎಂದು ನನಗೆ ಗೊತ್ತಾಯಿತು. ನನ್ನದೇ ಕೈ, ಸೊಸೆಯಾಗಿದ್ದಾಗಿನದು.

ನರ ಮಲಗಿದಾಗ ಕೈ ಎಲ್ಲೋ ಇದ್ದಂತೆ ಅನ್ನಿಸುವುದು ಸಾಮಾನ್ಯ ಎಂದು ಡಾಕ್ಟರು ಹೇಳಿದರು. ಅವರು ಕಲಿತವರು, ಅವರ ಮಾತು ನಿಜವಿರಬೇಕು. ನಾನು ಕೇಳುವುದು ಒಂದೇ. ಆ ದಿನ ಗೋಡೆಗೆ ಒರಗಿ ಕೂತಿದ್ದ ಗುತ್ಯಮ್ಮನವರಿಗೆ ನನ್ನ ನಡುಕ ತಿಳಿಯುತ್ತಿತ್ತೇ? ಹೌದು ಅನ್ನುವುದಾದರೆ, ನಾಳೆ ಸುಷ್ಮಾ ನನ್ನ ಮಣಿಕಟ್ಟು ಹಿಡಿದಾಗ ನಾನೂ ಒಳಗಿನಿಂದ ಅವಳ ನಡುಕವನ್ನು ನೋಡುತ್ತಾ ಕೂರಬೇಕೇ?

ಈಗ ನನ್ನ ಕೈ ಪೂರ್ತಿ ಮೇಲೇಳುತ್ತದೆ. ಇನ್ನು ಎಷ್ಟು ಹಸೆ ಬರೆಯುತ್ತೀರಿ ಯಮುನಮ್ಮ ಎಂದು ಅಧ್ಯಕ್ಷರು ಆಗಲೇ ಕೇಳಿದರು. ಅದಕ್ಕೆ ಉತ್ತರ ಇದು. ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ನಡುಮನೆಯ ಗೋಡೆಗೆ ನನ್ನ ಕೊನೆಯ ಎಳೆಯನ್ನು ನಾನೇ ಎಳೆದೆ. ಯಾರೂ ಮಣಿಕಟ್ಟು ಹಿಡಿಯಲಿಲ್ಲ, ಇನ್ನು ಹಿಡಿಯುವಂತೆಯೂ ಇಲ್ಲ. ಸುಷ್ಮಾ ಬೇಡ ಅತ್ತೆ ಎಂದು ಅತ್ತಳು. ಕುಂಚವನ್ನು ಅವಳ ಕೈಗಿಟ್ಟು ಬಸ್ಸು ಹತ್ತಿದೆ.

ಭುಜ ನೋವಿದ್ದವರು ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸಿ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆ ಉಪಕಾರ. ನಮಸ್ಕಾರ.