ಆಲೂಗಡ್ಡೆ ಸೀದ ದಿನದ ಕವಿತೆ

ಮಹಾಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಲಂಡನ್ನಿನ ಕ್ಯಾಮ್ಡೆನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹಿಲ್ಡಾಳ ಕಿವಿಗೆ ಮುಂದೆ ನಿಂತಿದ್ದ ತಾಯಿ ಮಗಳ ಮಾತು ಬಿತ್ತು. ಮಗಳ ಕವಿತೆ ಅಚ್ಚಾಗಿದ್ದ ತೆಳು ಪತ್ರಿಕೆಯೊಂದು ತಾಯಿಯ ಕೈಯಲ್ಲಿತ್ತು.

“ಇದೆಂಥ ಕವಿತೆಯೇ ಎನಿಡ್? ಪ್ರಾಸ ಇಲ್ಲ, ಚಂದ್ರ ಇಲ್ಲ. ಬರೀ ನನ್ನ ಅಡುಗೆಮನೆ ಮಾತು!”

“ಹೌದಮ್ಮ. ಸೇನೆಯಿಂದ ತಂತಿ ಬಂದ ದಿನ ನೀನು ಆಡಿದ್ದು ಅದೊಂದೇ ಮಾತು.”

“‘ಆಲೂಗಡ್ಡೆ ಸೀದುಹೋಗ್ತಿದೆ, ಯಾರಾದ್ರೂ ಇಳಿಸ್ರೋ.’ ಮಗ ಸತ್ತಾಗ ಇವಳಿಗೆ ಆಲೂಗಡ್ಡೆ ಚಿಂತೆ ಅಂತ ಜನ ಆಡ್ಕೊಳ್ಳಲ್ವಾ?”

“ನಿನಗೆ ಕೈ ಎತ್ತೋಕೂ ಆಗ್ತಿರಲಿಲ್ಲ ಅಂತ ಓದಿದವರಿಗೆ ಗೊತ್ತಾಗುತ್ತೆ. ಮೊದಲು ಕಣ್ಣೀರಿನ ಪದ್ಯ ಎಷ್ಟೋ ಬರೆದೆನಮ್ಮ. ಒಂದರಲ್ಲೂ ನೀನಿರಲಿಲ್ಲ.”

ತಾಯಿ ಮತ್ತೊಮ್ಮೆ ಓದಿಕೊಂಡಳು. ಹಿಲ್ಡಾ ಬೇರೆ ಕಡೆ ನೋಡುವವಳಂತೆ ನಿಂತಳು.

“ಇದು ತಪ್ಪು ಕಣೆ. ‘ಯಾರಾದ್ರೂ’ ಅಂದಿಲ್ಲ ನಾನು. ‘ಸಿರಿಲ್, ಇಳಿಸೋ’ ಅಂದೆ.”

“ಅಮ್ಮಾ... ಆವತ್ತಿಂದ ಇವತ್ತೇ ನೀನು ಅಣ್ಣನ ಹೆಸರು ಎತ್ತಿದ್ದು.”

“ಎತ್ತಿದೆ. ತಿದ್ದಿ ಬರಿ. ಮೆಟ್ಟಿಲಿಳೀತಾ ಸಿಳ್ಳೆ ಹೊಡೀತಿದ್ದನಲ್ಲ, ಅದನ್ನೂ ಹೇಳ್ತೀನಿ. ಬಸ್ ಬಂತು, ಹತ್ತು.”

ಹಿಲ್ಡಾಳ ಬಸ್ಸು ಅದಲ್ಲ. ಮೇಲಂತಸ್ತಿನಲ್ಲಿ ಕುಳಿತ ತಾಯಿ ಕೈಯಾಡಿಸುತ್ತ ಏನೋ ಹೇಳುತ್ತಲೇ ಇದ್ದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.