ಮುಖಪುಟದ ಪೊಟ್ಟಣ

ಒಂದಾನೊಂದು ಊರಲ್ಲಿ, ಮಗಳ ಮುಖ ನೋಡಕೂಡದೆಂದು ಗಂಡನ ಅಪ್ಪಣೆಯಾಗಿದ್ದ ತಾಯಿಯೊಬ್ಬಳಿದ್ದಳು. ಆ ಊರು ನಮ್ಮ ನಾರಿನ್. ಬಸ್ ನಿಲ್ದಾಣದಲ್ಲಿ ಹಳೆಯ ಸಂಗೀತ ಪತ್ರಿಕೆಯ ಹಾಳೆ ಸುತ್ತಿ ಸೂರ್ಯಕಾಂತಿ ಬೀಜ ಮಾರುವವಳ ಹತ್ತಿರ, ಆ ತಾಯಿ ನನಗಿಂತ ಮುಂದೆ ನಿಂತಿದ್ದಳು.

“ಸಾಲ್ತನತ್ ಅಕ್ಕ, ತೆಗೆದಿಡ್ತೀನಿ ಅಂದಿದ್ರಲ್ಲ?”

“ಇಟ್ಟಿದೀನಿ. ಮುಖಪುಟದಲ್ಲಿ ನಿನ್ ಮಗಳು ರಾಣಿ ಹಂಗವ್ಳೆ. ಪತ್ರಿಕೇನೇ ಒಯ್ಯಿ.”

“ಅವಳಪ್ಪ ಒಲೆಗೆ ಹಾಕ್ತಾರೆ. ಹಾಡೋಕೆ ಹೋದವಳು ಸತ್ತಂಗೆ ಅಂತಾರೆ. ಪೊಟ್ಟಣ ಕಟ್ಟಿಕೊಡಿ, ಮುಖ ಒಳಗಡೆ ಇರ್ಲಿ.”

“ಬೀಜ ಅವನೇ ತಿಂದ್ರೆ?”

“ಅವರಿಗೆ ಹಲ್ಲಿಲ್ಲ.”

“ನಂಗವೆ, ಅವನನ್ನ ಕಚ್ಚೋಕೆ!”

“ಉಪ್ಪಿನ ಬೀಜ ಬೇಡಕ್ಕ. ಅವಳ ಕಣ್ಣಿಗೆ ತಾಗುತ್ತೆ.”

ಸಾಲ್ತನತ್ ಮುಖಪುಟ ಬಿಡಿಸಿ, ಮುಖ ಒಳಗಾಗುವಂತೆ ಸುತ್ತಿ, ಉಪ್ಪಿಲ್ಲದ ಬೀಜ ತುಂಬಿ ಕೊಟ್ಟಳು. ತಾಯಿ ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು.