ಕೇಳದೆ ಸೇರಿಸಿದ ಹೆಸರು

ಅಪಿಯಾ ಪಟ್ಟಣದ ಕೋರ್ಟಿನ ಜಗಲಿಯಲ್ಲಿ ತನ್ನ ಸರದಿಗೆ ಕಾದಿದ್ದ ಸೆಫಿನಾಳ ಬೀಸಣಿಗೆ, ಪಕ್ಕದ ಬೆಂಚಿನ ಮಾತು ಕಿವಿಗೆ ಬಿದ್ದದ್ದೇ ನಿಂತುಹೋಯಿತು. ಅಲ್ಲಿ ಕೂತಿದ್ದವರು ಅಕ್ಕ, ತಮ್ಮ.

“ಜಡ್ಜು ಕೇಳಿದ್ರೆ ರಾಜಿಗೆ ಒಪ್ಪಿಗೆ ಅಂದ್ಬಿಡಕ್ಕ. ಒಂದೇ ಮಾತು.”

“ಚಿಕ್ಕಪ್ಪನ ಮೇಲೆ ದಾವಾ ಹಾಕಿದ್ದು ನೀನು. ಅದ್ರಲ್ಲಿ ನನ್ನ ಹೆಸರು ಹ್ಯಾಗೆ ಬಂತೋ ರೊಪಾಟಿ?”

“ಅಕ್ಕ ಬಾಯಿ ಬಿಡ್ದೆ ನಮ್ಮಲ್ಲಿ ನೆಲದ ಮಾತಿಗೆ ಯಾರು ಕಿವಿ ಕೊಡ್ತಾರೆ? ತೂಕ ಇರ್ಲಿ ಅಂತ ಸೇರಿಸ್ದೆ.”

“ನನ್ನನ್ನ ಒಂದು ಮಾತೂ ಕೇಳ್ದೇನೇ.”

“ಕೇಳಿದ್ರೆ ಬೇಡ ಅಂತಿದ್ದೆ.”

“ರಾಜಿ ಪತ್ರದಲ್ಲಿ ಏನಿದೆ, ಹೇಳು.”

“ತೆಂಗಿನ ತೋಟ ನಮಗೆ. ಹಳೇ ಮನೆ ಅಂಗಳ ಚಿಕ್ಕಪ್ಪಂಗೆ.”

“ಅಂಗಳದಲ್ಲಿ ಏನಿದೆ?”

ತಮ್ಮ ಕಾಗದ ಮಡಚಿದ. “ಅಮ್ಮನ ಗೋರಿ.”

“ಅದನ್ನ ನಾನೂ ಬಿಟ್ಟುಕೊಟ್ಟೆ ಅಂತ ಬರೆದಿದೆ, ಅಲ್ವಾ?”

“ನೀನು ಒಲ್ಲೆ ಅಂದ್ರೆ ರಾಜಿನೇ ಮುರಿಯುತ್ತೆ. ಮೂರು ವರ್ಷ ಓಡಾಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಗುತ್ತೆ. ಕಾಲಿಗೆ ಬೀಳ್ತೀನಿ.”

“ಮೆಲ್ಲಗೆ. ಜನ ಕೇಳ್ತಿದಾರೆ.”

ಸೆಫಿನಾಳ ಬೀಸಣಿಗೆ ದಡಬಡನೆ ಮತ್ತೆ ಆಡತೊಡಗಿತು.

ಬಾಗಿಲಲ್ಲಿ ಪೇದೆ ಕೂಗಿದ: “ಲೆಪೆಕಾ!”

ಅಕ್ಕ ಎದ್ದಳು.

“ಒಳಗೆ ಏನಂತೀಯಕ್ಕ?”

“ತೂಕಕ್ಕೆ ತಾನೇ ನನ್ನ ಸೇರಿಸಿದ್ದು? ಆ ತೂಕ ಅಮ್ಮನ ಕಡೆಗೇ ಬೀಳುತ್ತೆ. ಬಾ.”

ತಮ್ಮನ ಮುಖ ಬಿಳಿಚಿತು. ಆದರೂ ವಾಡಿಕೆ ತಪ್ಪಲಿಲ್ಲ: ಬಾಗಿಲು ತಳ್ಳಿ ಹಿಡಿದು, ಅಕ್ಕನನ್ನೇ ಮುಂದೆ ಬಿಟ್ಟ.